ಎಡಗೈ ಬೌಲರನ ಬಿಡುಗಡೆ ಪತ್ರ

ಮಸ್ಕತ್ತಿನ ಘಾಲಾದಲ್ಲಿ ನಾನು ಕೆಲಸ ಮಾಡುವ ಕಂಪನಿ ಲಾರಿ ಟೈರುಗಳನ್ನೂ ವಾಹನಗಳ ಬಿಡಿಭಾಗಗಳನ್ನೂ ಮಾರುತ್ತದೆ. ನೌಕರರ ವೀಸಾ, ರೆಸಿಡೆಂಟ್ ಕಾರ್ಡು, ರಜೆಯ ಅರ್ಜಿ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಮದುವೆಯಾಗಿ ಈ ಊರಿಗೆ ಬಂದ ಎರಡನೆಯ ವರ್ಷ ಸೇರಿದ ಕೆಲಸ. ಈಗ ಮಗಳು ಒಂಬತ್ತನೆಯ ತರಗತಿ. ಈ ಕಂಪನಿಗೆ ಒಂದು ಕ್ರಿಕೆಟ್ ತಂಡವಿತ್ತು. ಆ ತಂಡದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳುವ ಮೊದಲು ನಾನು ಆ ತಂಡಕ್ಕೆ ಹೇಗೆ ಅಂಟಿಕೊಂಡೆ ಎಂಬುದನ್ನು ಹೇಳಬೇಕು.

ನನಗೆ ಕ್ರಿಕೆಟ್ಟಿನ ಗಂಧ ಇರಲಿಲ್ಲ. ಊರಲ್ಲಿ ಅಣ್ಣಂದಿರು ಆಡುವಾಗ ಚೆಂಡು ತೋಡಿಗೆ ಬಿದ್ದರೆ ಹೆಕ್ಕಿ ಕೊಡುವುದಷ್ಟೇ ನನ್ನ ಪಾಲಿಗೆ ಬಂದ ಆಟ. ಒಂದು ಶುಕ್ರವಾರ ನಮ್ಮ ಡ್ರೈವರೊಬ್ಬನ ವೀಸಾ ನವೀಕರಣಕ್ಕೆ ಅವನ ಸಹಿ ತುರ್ತಾಗಿ ಬೇಕಾಯಿತು. ಅವನು ಮೈದಾನದಲ್ಲಿದ್ದ. ದಾರ್ಸೈಟಿನ ಮನೆಯಿಂದ ನನ್ನ ಗಂಡ ಕಾರಿನಲ್ಲಿ ಕರೆದುಕೊಂಡು ಹೋಗಿ ಕಲ್ಲುಮಣ್ಣಿನ ಒಂದು ಬಯಲಿನ ಬದಿಯಲ್ಲಿ ನಿಲ್ಲಿಸಿದರು. ಬಯಲಿನ ನಡುವೆ ಸಿಮೆಂಟಿನ ಮೇಲೆ ಮ್ಯಾಟು ಹಾಸಿದ ಪಿಚ್ಚು. ಡ್ರೈವರ್ ಬ್ಯಾಟಿಂಗ್ ಮಾಡುತ್ತಿದ್ದ. ಅವನು ಔಟಾಗುವ ತನಕ ಕಾಯೋಣ ಎಂದುಕೊಂಡೆವು. ಅವನು ಔಟಾಗಲಿಲ್ಲ. ಗಂಡ ಎಸಿ ಹಾಕಿಕೊಂಡು ಕಾರಿನಲ್ಲೇ ನಿದ್ದೆ ಹೋದರು; ನಾನು ಹದಿನಾರು ಓವರ್ ನೋಡಿದೆ. ವಾರವಿಡೀ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯ ಅಲ್ಲಿ ಯಾರನ್ನೋ ಗದರುತ್ತಿದ್ದ, ಜೋರಾಗಿ ನಗುತ್ತಿದ್ದ, ಚೆಂಡು ಬಯಲಿನಾಚೆ ಹೋದಾಗ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮುಂದಿನ ಶುಕ್ರವಾರ ಯಾವ ಸಹಿಯೂ ಬೇಕಿರಲಿಲ್ಲ. ಆದರೂ ಹೋದೆ.

ಕೆಲವು ತಿಂಗಳ ನಂತರ ತಂಡದ ಸ್ಕೋರರ್ ಊರಿಗೆ ಹೋದವನು ಮರಳಿ ಬರಲಿಲ್ಲ. ಕ್ಯಾಪ್ಟನ್ ನನ್ನ ಹತ್ತಿರ ಬಂದು, "ಮೇಡಂ, ನೀವು ಬಿಕಾಂ ಅಲ್ವಾ? ಸ್ಕೋರ್ ಬರೀಲಿಕ್ಕೆ ಅದು ಧಾರಾಳ ಸಾಕು" ಎಂದರು. ಕ್ಯಾಪ್ಟನ್ ಎಂದರೆ ನಮ್ಮ ಬಿಡಿಭಾಗಗಳ ಸ್ಟೋರಿನ ಕೀಪರ್, ಉಳ್ಳಾಲದ ಕಡೆಯ ಬ್ಯಾರಿ, ನಲವತ್ತು ಸಮೀಪಿಸುತ್ತಿದ್ದ ಆಫ್ ಸ್ಪಿನ್ನರ್. ಸ್ಟೋರಿನಲ್ಲಿ ಫಿಲ್ಟರ್ ಕೇಳಲು ಬರುವ ಗಿರಾಕಿಗಳೂ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವರು ಒಂದು ಮಧ್ಯಾಹ್ನ ಊಟದ ವಿರಾಮದಲ್ಲಿ ಚುಕ್ಕಿ, ಅಡ್ಡಗೆರೆ, ನೋಬಾಲಿನ ಗುರುತು ಎಲ್ಲ ಕಲಿಸಿಕೊಟ್ಟರು. ಹಾಗೆ ನಾನು ಸ್ಕೋರರ್ ಆದೆ. ಮಡಚುವ ಕುರ್ಚಿ, ಒಂದು ಥರ್ಮಾಸು, ಎರಡು ಪೆನ್ನು. ಮಗಳು ನಗುತ್ತಿದ್ದಳು: "ಅಮ್ಮಾ, ಇಟ್ಸ್ ಜಸ್ಟ್ ಅ ಕಂಪನಿ ಟೀಮ್." ಹೌದು, ಕಂಪನಿ ತಂಡ. ಆದರೆ ನನಗೆ ಬೇರೆ ತಂಡ ಇರಲಿಲ್ಲ.

ಇಲ್ಲಿಯ ಕಂಪನಿ ಕ್ರಿಕೆಟ್ಟಿನಲ್ಲಿ ಆಟಗಾರನಿಗೆ ಆಟಕ್ಕೆಂದು ಸಂಬಳ ಇರುವುದು ಕಡಿಮೆ. ಅವನ ವೀಸಾದಲ್ಲಿ ಬೇರೇನೋ ಬರೆದಿರುತ್ತದೆ. ಸ್ಟೋರ್ ಕೀಪರ್, ಡ್ರೈವರ್, ಮೆಕ್ಯಾನಿಕ್. ಭಾನುವಾರದಿಂದ ಗುರುವಾರದವರೆಗೆ ಆ ಕೆಲಸ, ಶುಕ್ರವಾರ ಆಟ. ಬೇರೆ ತಂಡಕ್ಕೆ ಹೋಗಬೇಕೆಂದರೆ ಬೇರೆ ಕಂಪನಿಗೇ ಹೋಗಬೇಕು, ಎಂದರೆ ವೀಸಾ ವರ್ಗಾವಣೆ ಆಗಬೇಕು. ಹಾಗಾಗಿ ಒಬ್ಬ ಬೌಲರ್ ಬಂದ, ಒಬ್ಬ ವಿಕೆಟ್ ಕೀಪರ್ ಹೋದ ಎಂಬ ಸುದ್ದಿ ಮೈದಾನಕ್ಕೆ ಮುಟ್ಟುವ ಮೊದಲು ನನ್ನ ಮೇಜನ್ನು ದಾಟಿಹೋಗಬೇಕಿತ್ತು.

ಆಗಿನ ಮಾಲೀಕರು ವಯಸ್ಸಾದ ಒಮಾನಿ. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಅವರಿಗೆ ಕ್ರಿಕೆಟ್ ತಿಳಿಯದು. ವರ್ಷಕ್ಕೊಮ್ಮೆ ಖರ್ಜೂರದ ಡಬ್ಬ, ಮಜ್ಜಿಗೆ ಬಾಟಲಿಗಳೊಂದಿಗೆ ಮೈದಾನಕ್ಕೆ ಬಂದು ನನ್ನ ಪಕ್ಕ ಕುಳಿತು, "ನಾವು ಗೆಲ್ಲುತ್ತಿದ್ದೇವಾ?" ಎಂದು ಕೇಳುತ್ತಿದ್ದರು. ಸೋಲುತ್ತಿದ್ದೇವೆ ಎಂದರೂ "ಅಲ್ಹಮ್ದುಲಿಲ್ಲಾ" ಎನ್ನುತ್ತಿದ್ದರು. ಆದರೆ ಹನ್ನೊಂದು ಜನರ ಹೆಸರೂ ಅವರಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ತಂದೆಗೆ ಕಾಯಿಲೆ ಎಂಬುದೂ ಗೊತ್ತಿತ್ತು. ಆಟ ತಿಳಿಯದ, ಆಡುವವರನ್ನು ತಿಳಿದ ಮಾಲೀಕನೇ ಒಳ್ಳೆಯವನು ಎಂಬ ನನ್ನ ಅಭಿಪ್ರಾಯ ಹುಟ್ಟಿದ್ದು ಅವರಿಂದ. ಅವರ ಕಾಲದಲ್ಲಿ ನಾವು ಹೆಚ್ಚೇನೂ ಗೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ನಾಲ್ಕು ವರ್ಷ ಸತತವಾಗಿ ನಮ್ಮ ವಿಭಾಗದಲ್ಲಿ ಮೂರನೆಯ ಸ್ಥಾನ. ಮೊದಲೆರಡು ತಂಡಗಳು ಮೇಲಿನ ವಿಭಾಗಕ್ಕೆ ಏರುತ್ತವೆ. ಮೂರನೆಯವರು ಕೈಕುಲುಕಿ ಮನೆಗೆ ಹೋಗುತ್ತಾರೆ.

ಎಡಗೈ ಬೌಲರ್ ಬಂದದ್ದು ಅರ್ಬಾಬರ ಕೊನೆಯ ವರ್ಷ. ಕುಂದಾಪುರದ ಕಡೆಯವನು, ಇಪ್ಪತ್ತೆರಡು ವರ್ಷ, ನಮ್ಮ ಟೈರು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಬಂದವನು. ಕ್ರಿಕೆಟ್ಟಿಗೆಂದು ಯಾರೂ ಕರೆಸಿರಲಿಲ್ಲ. ಊರಿನವರ ಸಂಘದ ಟೆನಿಸ್ ಬಾಲ್ ಪಂದ್ಯದಲ್ಲಿ ಅವನ ಬೌಲಿಂಗನ್ನು ಕ್ಯಾಪ್ಟನ್ ನೋಡಿದರು. ಮಾರನೆಯ ದಿನ ಬೆಳಿಗ್ಗೆ ಸ್ಟೋರಿಗೂ ಹೋಗದೆ ನೇರ ನನ್ನಲ್ಲಿಗೆ ಬಂದರು.

"ಮೇಡಂ, ನಮ್ಮ ಗೋದಾಮಿನಲ್ಲಿ ಒಬ್ಬ ಹುಡುಗ ಇದ್ದಾನೆ ಅಂತ ನೀವು ಯಾಕೆ ಹೇಳಲಿಲ್ಲ?"

"ಗೋದಾಮಿನಲ್ಲಿ ಮೂವತ್ತು ಜನ ಇದ್ದಾರೆ ಕ್ಯಾಪ್ಟನ್."

"ಮೂವತ್ತು ಜನ ಅಲ್ಲ ಮಾರಾಯ್ರೆ. ಒಬ್ಬ."

ಅವನ ಚೆಂಡು ಹೊರಗೆ ಹೋಗುವಂತೆ ಕಂಡು, ಕೊನೆಯ ಗಳಿಗೆಯಲ್ಲಿ ಒಳಗೆ ತಿರುಗುತ್ತಿತ್ತು. ಬ್ಯಾಟ್ಸ್‌ಮನ್ ಬ್ಯಾಟು ಎತ್ತಿ ಬಿಟ್ಟುಬಿಡುತ್ತಿದ್ದ, ಹಿಂದೆ ಸ್ಟಂಪು ಬಿದ್ದ ಸದ್ದಾಗುತ್ತಿತ್ತು. ಮೊದಲ ಪಂದ್ಯದಲ್ಲಿ ಹಾಗೆ ಮೂವರು ಬಿಟ್ಟರು. ನಾನು ನಿಷ್ಪಕ್ಷಪಾತವಾಗಿ ಬರೆಯಬೇಕಾದವಳು, ಎದುರಿನ ತಂಡದ ಸ್ಕೋರರ್ ನನ್ನ ಪಕ್ಕದಲ್ಲೇ ಕುಳಿತಿದ್ದ. ಆದರೂ ಮೂರನೆಯದಕ್ಕೆ ಎದ್ದು ನಿಂತೆ.

ಆಗ ತಾನೇ ಬೆಳೆಯುತ್ತಿರುವ ಆಟಗಾರನ ಮೇಲೆ ಅಭಿಮಾನಿಗಳಿಗೆ ಇರುವ ಪ್ರೀತಿ ಬೇರೆಯೇ. ಬಲಿತ ಆಟಗಾರ ಏನೆಂಬುದು ಗೊತ್ತಿರುತ್ತದೆ. ಅವನ ಮಿತಿಯೂ ಗೊತ್ತಿರುತ್ತದೆ. ಎಳೆಯನ ಮಿತಿ ಇನ್ನೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ನಮ್ಮ ಆಸೆಯನ್ನೆಲ್ಲ ಅವನ ಹೆಗಲಿಗೆ ಹಾಕಬಹುದು, ಅವನು ಬೇಡ ಎನ್ನುವುದಿಲ್ಲ. ನಾನು ಅದನ್ನೇ ಮಾಡಿದೆ. ಮುಂದಿನ ಮೂರು ವರ್ಷ ಅವನನ್ನು ಹೇಗೆ ಬೆಳೆಸಬೇಕು, ಎಷ್ಟು ಓವರ್ ಹಾಕಿಸಬೇಕು ಎಂದು ಕ್ಯಾಪ್ಟನ್ನರೊಂದಿಗೆ ಚಾ ಕುಡಿಯುತ್ತ ಲೆಕ್ಕ ಹಾಕುತ್ತಿದ್ದೆ. ಅವನನ್ನು ಕೇಳಿರಲಿಲ್ಲ.

ಅರ್ಬಾಬ್ ತೀರಿಕೊಂಡ ಮೇಲೆ ಮಗ ಬಂದರು. ಮೂವತ್ತರ ಆಸುಪಾಸು, ಅಮೆರಿಕದಲ್ಲಿ ಓದಿದವರು. ಅವರ ಮೇಜಿನ ಮೇಲೆ ಕೆಂಪು ಹೊಲಿಗೆಯ ಬಿಳಿ ಚೆಂಡೊಂದು ಇರುತ್ತಿತ್ತು, ಬೇಸ್‌ಬಾಲಿನದು. ಅಲ್ಲಿಯ ಒಂದು ತಂಡದ ಅಭಿಮಾನಿ ಅವರು. ಅಲ್ಲಿಯ ಸಂಜೆಯ ಆಟ ಇಲ್ಲಿ ನಮ್ಮ ಬೆಳಗಿನ ಹೊತ್ತಿಗೆ ಬರುವುದರಿಂದ ಅದನ್ನು ನೋಡಿ ಮುಗಿಸಿಯೇ ಆಫೀಸಿಗೆ ಬರುತ್ತಿದ್ದರು. ತಂಡ ಸೋತ ದಿನ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಂಥ ದಿನ ರಜೆಯ ಅರ್ಜಿಗಳನ್ನು ನಾನು ಒಳಗೆ ಕಳಿಸುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಇಲ್ಲಿ ಆಟ ಇರುವುದಿಲ್ಲ. ಆ ಬಿಸಿಲಿನಲ್ಲಿ ಮ್ಯಾಟಿನ ಮೇಲೆ ಬರಿಗೈ ಇಟ್ಟರೆ ಬೊಬ್ಬೆ ಏಳುತ್ತದೆ. ಆದರೆ ಯಾರು ಎಲ್ಲಿಗೆ ಹೋಗುತ್ತಾರೆ ಎಂಬ ಮಾತು ಶುರುವಾಗುವುದೇ ಆಗ. ಅಂಥ ಒಂದು ದಿನ ಹೊಸ ಮಾಲೀಕರು ನನ್ನನ್ನೂ ಕ್ಯಾಪ್ಟನ್ನರನ್ನೂ ಕರೆದರು. ಮೇಲಿನ ವಿಭಾಗದ ಒಂದು ದೊಡ್ಡ ಕಂಪನಿಗೆ ನಮ್ಮ ಎಡಗೈ ಬೌಲರ್ ಬೇಕಂತೆ. ಬದಲಿಗೆ ಅವರು ತಮ್ಮ ಆರಂಭಿಕ ಬ್ಯಾಟ್ಸ್‌ಮನ್ನನ್ನು ಕೊಡುತ್ತಾರಂತೆ. ಮೂವತ್ತೆರಡು ವರ್ಷದವನು, ಎಲ್ಲ ಮೈದಾನಗಳಲ್ಲೂ ರನ್ ಮಾಡಿದವನು.

"ನಿಮಗೆ ಬೇಸ್‌ಬಾಲ್ ಗೊತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಸರ್."

"ಅಲ್ಲಿ ಹೀಗೆ ಅದಲುಬದಲು ಮಾಡುವುದು ಸಾಮಾನ್ಯ. ಆಟ ಇಲ್ಲದ ತಿಂಗಳುಗಳಲ್ಲೇ ತಂಡ ಕಟ್ಟುವುದು. ನನ್ನ ತಂಡದ ಮಾಲೀಕ ಜಿಪುಣ. ಎಳೆಯ ಆಟಗಾರ ಒಬ್ಬ ಚೆನ್ನಾಗಿ ಆಡಲು ಶುರುಮಾಡಿದ ಕೂಡಲೇ ಅವನನ್ನು ಕೊಟ್ಟುಬಿಡುತ್ತಾನೆ. ಕಾಲೇಜಿನ ದಿನದಿಂದ ನಾನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಕಾಯುತ್ತಿದ್ದೇನೆ."

ನಾನು ಸುಮ್ಮನಿರಬಹುದಿತ್ತು. ಆದರೆ ಅಭಿಮಾನಿಯೊಬ್ಬನ ಎದುರು ಇನ್ನೊಬ್ಬ ಅಭಿಮಾನಿ ಸುಮ್ಮನಿರುವುದು ಕಷ್ಟ. "ಎಳೆಯರನ್ನು ಕೊಟ್ಟದ್ದಕ್ಕೆ ನಿಮಗೆ ಅವನ ಮೇಲೆ ಸಿಟ್ಟು. ಈಗ ನೀವೂ ಅದನ್ನೇ ಮಾಡುತ್ತಿದ್ದೀರಲ್ಲ ಸರ್?" ಎಂದೆ.

ಕ್ಯಾಪ್ಟನ್ ಕೆಮ್ಮಿದರು. ಮಾಲೀಕರು ಮಾತ್ರ ನಕ್ಕರು. ಮೊದಲ ಸಲ ಅವರು ನನ್ನನ್ನು ಸರಿಯಾಗಿ ನೋಡಿದ್ದು ಆಗಲೇ ಎಂದು ಕಾಣುತ್ತದೆ.

"ವ್ಯತ್ಯಾಸ ಇದೆ. ಅವನು ಎಳೆಯರನ್ನು ಕೊಟ್ಟು ಇನ್ನೂ ಎಳೆಯರನ್ನು ತರುತ್ತಾನೆ. ನಾನು ಎಳೆಯನನ್ನು ಕೊಟ್ಟು ಬಲಿತವನನ್ನು ತರುತ್ತಿದ್ದೇನೆ. ಈ ವರ್ಷವೇ ಗೆಲ್ಲಬೇಕು. ನಮಗೆ ಕೊರತೆ ಇರುವುದು ಬ್ಯಾಟಿಂಗಿನಲ್ಲಿ. ಸ್ಕೋರ್ ಪುಸ್ತಕ ಬರೆಯುವವರು ನೀವು, ನಿಮಗೇ ಗೊತ್ತಿರಬೇಕು."

ಗೊತ್ತಿತ್ತು. ವಾದವಾಗಿ ನೋಡಿದರೆ ಅವರದೇ ಸರಿ. ನಾನು ಅವನ ಬೌಲಿಂಗ್ ನೋಡಿದ್ದೆ, ಅವರು ನೋಡಿರಲಿಲ್ಲ. ಅಷ್ಟೇ ನನ್ನ ವಾದ. "ಪತ್ರ ತಯಾರು ಮಾಡಿ. ಯಲ್ಲಾ, ಹೊರಡಿ" ಎಂದು ಅವರು ಮಾತು ಮುಗಿಸಿದರು.

ಹೊರಗೆ ಬಂದು ನಾವು ಪಕ್ಕದ ಅಂಗಡಿಯಲ್ಲಿ ಕರಕ್ ಚಾ ತೆಗೆದುಕೊಂಡೆವು. ನಾನು ಸಿಟ್ಟಿನಲ್ಲಿದ್ದೆ. ಕ್ಯಾಪ್ಟನ್ ಊದಿ ಊದಿ ಕುಡಿಯುತ್ತಿದ್ದರು.

"ಮೇಡಂ, ಅವ ಇಲ್ಲಿ ಉಳಿದ್ರೆ ನಮಗೆ ಲಾಭ. ಹೋದ್ರೆ ಅವನಿಗೆ ಲಾಭ. ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂಥ ಉಂಟು?"

"ನಿಮಗೆ ಬೇಸರ ಇಲ್ವಾ?"

"ಉಂಟು. ಬೇಸರ ಬೇರೆ, ಅವನ ಹೊಟ್ಟೆಪಾಡು ಬೇರೆ."

ಅವನಿಗೆ ಲಾಭ ಎಂಬುದು ನಿಜವೇ ಆಗಿತ್ತು. ಆ ದೊಡ್ಡ ಕಂಪನಿಯ ಆಟಗಾರರಿಗೆ ಬೆಳಿಗ್ಗೆ ಅಭ್ಯಾಸ, ಆಮೇಲೆ ಆಫೀಸಿನ ಕೆಲಸ. ಕೋಚ್ ಇದ್ದರು. ಹುಲ್ಲಿನ ಮೈದಾನದಲ್ಲಿ ಆಡುತ್ತಿದ್ದರು. ಈ ದೇಶದ ತಂಡವನ್ನು ಆರಿಸುವವರ ಕಣ್ಣಿಗೆ ಬೀಳುವುದು ಆ ವಿಭಾಗದವರೇ. ಇಲ್ಲಿ ಕೆಲವು ವರ್ಷ ವಾಸವಿದ್ದ ಪರದೇಶದವರೂ ದೇಶದ ತಂಡಕ್ಕೆ ಆಡಬಹುದು, ಆಡಿದ್ದಾರೆ.

ಎರಡು ದಿನ ಬಿಟ್ಟು ಅವನು ಊಟದ ಹೊತ್ತಿನಲ್ಲಿ ನನ್ನಲ್ಲಿಗೆ ಬಂದ. ಕೈಗೆ ಟೈರಿನ ಕರಿ ಅಂಟಿತ್ತು, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕ, ಹೋಪುದಾ ಬೇಡ್ದಾ, ನೀವೇ ಹೇಳಿ."

"ನಿನಗೆ ಏನನ್ನಿಸ್ತದೆ?"

"ಹುಲ್ಲಿನ ಪಿಚ್ಚಂಗೆ ಒಂದ್ ಸಲ ಬೌಲಿಂಗ್ ಮಾಡ್ಕ್ ಅಂತ ಇತ್ತ್. ಆದ್ರೆ ಕ್ಯಾಪ್ಟನ್ ನಂಗೆ ಸುಮಾರ್ ಉಪಕಾರ ಮಾಡಿರ್. ಬಿಟ್ ಹೋಪುಕೂ ಒಂಥರಾ."

ಹೋಗು ಎಂದು ಒಂದು ಮಾತು ಹೇಳಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು. "ಕಾಗದ ಆಗ್ಲಿ, ನೋಡುವ" ಎಂದೆ.

ಅವನ ಕರಾರು ಮುಗಿಯಲು ಇನ್ನೂ ಒಂದು ವರ್ಷ ಬಾಕಿ ಇತ್ತು. ಆದ್ದರಿಂದ ನಮ್ಮ ಕಂಪನಿ ಬಿಡುಗಡೆ ಪತ್ರ ಕೊಟ್ಟು, ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಒಪ್ಪಿಗೆ ಒತ್ತಬೇಕಿತ್ತು. ಅತ್ತ ಲೀಗಿನಲ್ಲಿ ಆಟಗಾರರ ಹೆಸರು ನೋಂದಾಯಿಸಲು ಆಗಸ್ಟ್ ಕೊನೆಯ ಗುರುವಾರ ಗಡುವು. ಎರಡೂ ಕಂಪನಿಗಳ ಮಾತುಕತೆ ಮುಗಿದು ಮಾಲೀಕರ ಸಹಿಯಾದ ಪತ್ರ ನನ್ನ ಮೇಜಿಗೆ ಬಂದಾಗ ಆ ಗುರುವಾರಕ್ಕೆ ಹನ್ನೊಂದು ದಿನ ಇತ್ತು. ನನ್ನ ಕೆಲಸ ಇದ್ದದ್ದು ಹೆಚ್ಚೆಂದರೆ ಅರ್ಧ ಗಂಟೆಯದು.

ನಾನು ಪತ್ರವನ್ನು ಹರಿಯಲಿಲ್ಲ, ಬಚ್ಚಿಡಲೂ ಇಲ್ಲ. ಟ್ರೇಯಲ್ಲಿ ಇಟ್ಟೆ. ಅದರ ಮೇಲೆ ರಜೆಯಿಂದ ಮರಳುವವರ ಟಿಕೆಟಿನ ಕಾಗದ ಬಂತು, ಅದರ ಮೇಲೆ ಮೆಡಿಕಲ್ ಪರೀಕ್ಷೆಯ ಕಾಗದ ಬಂತು. ಎರಡು ಸಲ ಅದನ್ನು ಮೇಲಕ್ಕೆ ತೆಗೆದು, ಓದಿ, ಮತ್ತೆ ಕೆಳಗಿಟ್ಟದ್ದು ನೆನಪಿದೆ. ಪ್ರತಿದಿನಕ್ಕೂ ಒಂದು ಕಾರಣ ಇತ್ತು, ಕಾರಣಗಳೆಲ್ಲ ನಿಜವೇ ಆಗಿದ್ದವು. ಕೊಡಬಾರದು ಎಂದು ನಾನು ನಿರ್ಧರಿಸಿದ ದಿನ ಯಾವುದು ಎಂದು ಕೇಳಿದರೆ ಹೇಳಲಾರೆ. ದೊಡ್ಡ ಕಂಪನಿಯ ಆಫೀಸಿನಿಂದ ಒಬ್ಬರು ಮೂರು ಸಲ ಫೋನ್ ಮಾಡಿದರು. "ಸಿಸ್ಟಮ್ ನಿಧಾನ ಉಂಟು" ಎಂದೆ. ಹಾಗೆ ಹೇಳಿದರೆ ಇಲ್ಲಿ ಎಲ್ಲರೂ ನಂಬುತ್ತಾರೆ. ನಾಲ್ಕನೆಯ ಸಲ ಅವರು ಫೋನ್ ಮಾಡಲಿಲ್ಲ. ಗುರುವಾರ ಸಂಜೆ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದೆ. ಗಂಡ, "ಏನು, ಇವತ್ತು ಮಾತೇ ಇಲ್ಲ?" ಎಂದರು. ತಲೆನೋವು ಎಂದೆ.

ಭಾನುವಾರ ತಿಳಿಯಿತು: ದೊಡ್ಡ ಕಂಪನಿಯವರು ಕಾದು ಕಾದು ಇನ್ನೊಂದು ಕಂಪನಿಯಿಂದ ಬೇರೊಬ್ಬ ಎಡಗೈ ಬೌಲರನನ್ನು ತೆಗೆದುಕೊಂಡಿದ್ದರು. ಬ್ಯಾಟ್ಸ್‌ಮನ್ ನಮ್ಮಲ್ಲಿಗೆ ಬರಲಿಲ್ಲ. ನನ್ನನ್ನು ಕರೆದು ಕೇಳುತ್ತಾರೆ ಎಂದು ಮಾಲೀಕರ ಕೋಣೆಯ ಬಾಗಿಲನ್ನೇ ನೋಡುತ್ತ ಕುಳಿತಿದ್ದೆ. ಅವರು ಹೊರಗೆ ಬಂದು, "ಆ ಕೆಲಸ ಆಗಲಿಲ್ಲವಂತೆ. ಖಲಾಸ್" ಎಂದು ಕಾರಿನ ಕೀಲಿ ತಿರುಗಿಸುತ್ತ ಹೋದರು. ಯಾರೂ ಏನೂ ಕೇಳಲಿಲ್ಲ. ಕ್ಯಾಪ್ಟನ್ ಕೂಡ ಕೇಳಲಿಲ್ಲ. ಎರಡು ದಿನ ಚಾಕ್ಕೆ ಮಾತ್ರ ಕರೆಯಲಿಲ್ಲ.

ಆ ವರ್ಷ ನಾವು ಗೆಲ್ಲುತ್ತ ಹೋದೆವು. ಎಡಗೈ ಬೌಲರ್ ಪಂದ್ಯದ ಮೇಲೆ ಪಂದ್ಯದಲ್ಲಿ ವಿಕೆಟ್ ತೆಗೆದ. ಸ್ವಲ್ಪ ಮೌನವಾಗಿದ್ದ, ವಿಕೆಟ್ ಬಿದ್ದಾಗ ಮೊದಲಿನಂತೆ ಕೂಗುತ್ತಿರಲಿಲ್ಲ. ವಯಸ್ಸಿಗೆ ಬಂದ ಗಾಂಭೀರ್ಯ ಎಂದುಕೊಂಡೆ. ಕೊನೆಯ ಪಂದ್ಯದಲ್ಲಿ ಎದುರಾಳಿಗಳಿಗೆ ಕಡೆಯ ಓವರಿನಲ್ಲಿ ಆರು ರನ್ ಬೇಕಿತ್ತು, ಅವನು ಎರಡು ಕೊಟ್ಟ. ನಾವು ಎರಡನೆಯ ಸ್ಥಾನಕ್ಕೆ ಬಂದು ಮೇಲಿನ ವಿಭಾಗಕ್ಕೆ ಏರಿದೆವು. ಕ್ಯಾಪ್ಟನ್ ಮ್ಯಾಟಿನ ಮೇಲೆ ಮಂಡಿಯೂರಿ ಕುಳಿತುಬಿಟ್ಟರು. ನಾನು ಪುಸ್ತಕ ಕುರ್ಚಿಯ ಮೇಲಿಟ್ಟು ಬಿಸಿಲಿನಲ್ಲಿ ಓಡಿದೆ. ಆ ದಿನದ ಸಂತೋಷಕ್ಕೆ ನನ್ನ ತಪ್ಪು ಎಲ್ಲಿಯೂ ಅಡ್ಡ ಬರಲಿಲ್ಲ. ಅಡ್ಡ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು.

ಮೇಲಿನ ವಿಭಾಗದಲ್ಲಿ ನಾವು ಒಂದು ಪಂದ್ಯವನ್ನೂ ಆಡಲಿಲ್ಲ. ಮೇಲೆ ಹೋದರೆ ಖರ್ಚು ಹೆಚ್ಚು, ಕೋಚ್ ಬೇಕು, ಹುಲ್ಲಿನ ಮೈದಾನದ ಬಾಡಿಗೆ ಕೊಡಬೇಕು. ಬೇಸಿಗೆ ಬರುವಷ್ಟರಲ್ಲಿ ಮಾಲೀಕರ ಆಸಕ್ತಿ ಪ್ಯಾಡೆಲ್ ಕಡೆಗೆ ತಿರುಗಿತ್ತು, ಗಾಜಿನ ಗೋಡೆಗಳ ನಡುವೆ ಆಡುವ ಆ ಹೊಸ ಆಟ. ಗೋದಾಮಿನ ಹಿಂದಿನ ಜಾಗದಲ್ಲಿ ಒಂದು ಕೋರ್ಟನ್ನೇ ಕಟ್ಟಿಸಿದರು. ತಂಡವನ್ನು ಮುಚ್ಚಿದ ಸುತ್ತೋಲೆಯನ್ನು ಟೈಪ್ ಮಾಡಿದವಳೂ ನಾನೇ. ಅದೇ ವಾರ ಅಮೆರಿಕದ ಅವರ ಬೇಸ್‌ಬಾಲ್ ತಂಡದ ಮಾಲೀಕ ತಂಡವನ್ನೇ ಬೇರೆ ಊರಿಗೆ ಒಯ್ಯುತ್ತಾನೆಂಬ ಸುದ್ದಿ ಬಂದಿತ್ತು. ಸಹಿ ಹಾಕುತ್ತ ಅವರು ಹೇಳಿದರು: "ಅಷ್ಟು ವರ್ಷ ನೋಡಿದವರಿಗೆ ಒಂದು ಮಾತು ಕೇಳಬೇಡವಾ?" ನಿಜಕ್ಕೂ ನೊಂದಿದ್ದರು. ಕೈಯಲ್ಲಿದ್ದ ಕಾಗದಕ್ಕೂ ಆ ಮಾತಿಗೂ ಸಂಬಂಧ ಅವರಿಗೆ ಹೊಳೆಯಲಿಲ್ಲ. ಹೊಳೆಯಿಸುವ ಯೋಗ್ಯತೆ ನನಗೂ ಇರಲಿಲ್ಲ.

ಸೆಪ್ಟೆಂಬರ್ ಬಂದಾಗ ಆಟಗಾರರು ವೀಸಾದಲ್ಲಿ ಬರೆದದ್ದಷ್ಟೇ ಆಗಿ ಉಳಿದರು. ಎಡಗೈ ಬೌಲರನ ಕರಾರನ್ನು ಇನ್ನೆರಡು ವರ್ಷಕ್ಕೆ ನವೀಕರಿಸಿ, ಅವನನ್ನು ದೇಶದ ಉತ್ತರದ ತುದಿಯಲ್ಲಿರುವ ಖಸಬ್ ಬಂದರಿನ ನಮ್ಮ ಶಾಖೆಗೆ ಹಾಕಿದರು. ಅಲ್ಲಿ ಕ್ರಿಕೆಟ್ ಲೀಗ್ ಇಲ್ಲ. ಅವನ ಬದಲಿಗೆ ದೊಡ್ಡ ಕಂಪನಿ ತೆಗೆದುಕೊಂಡ ಬೌಲರ್ ಒಂದೂವರೆ ವರ್ಷದಲ್ಲಿ ದೇಶದ ತಂಡಕ್ಕೆ ಆಡಿದ. ಒಂದು ಸಂಜೆ ದಾರ್ಸೈಟಿನ ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಅದನ್ನು ಮಗಳ ಫೋನಿನಲ್ಲಿ ನೋಡಿದೆ. ಒಳ್ಳೆಯ ಬೌಲರ್. ಅವನ ಚೆಂಡು ಒಳಗೆ ಬರುತ್ತಿರಲಿಲ್ಲ, ನೇರ ಹೋಗುತ್ತಿತ್ತು. ದೇಶದ ತಂಡದ ಆ ಅಂಗಿಯಲ್ಲಿ ನಮ್ಮವನು ಹೇಗೆ ಕಾಣುತ್ತಿದ್ದ ಎಂಬ ಯೋಚನೆ ಬಂದ ಮೇಲೆ ಬಿಟ್ಟುಹೋಗಲಿಲ್ಲ.

ಕಳೆದ ವರ್ಷ ಶಾಖೆಯ ಕಾಗದಪತ್ರ ಪರಿಶೀಲಿಸಲು ಖಸಬಿಗೆ ಹೋಗಬೇಕಾಯಿತು. ಬೇರೆಯವರನ್ನು ಕಳಿಸಬಹುದಿತ್ತು, ನಾನೇ ಹೊರಟೆ. ಕೆಲಸ ಮುಗಿದ ಮೇಲೆ ಬಂದರಿನ ಬಳಿ ಅವನನ್ನು ಚಾಕ್ಕೆ ಕರೆದೆ. ಬೆನ್ನಿಗೆ ಕಡಿದಾದ ಬೆಟ್ಟ, ಮುಂದೆ ದೋಣಿಗಳು. ಅವನು ಸ್ವಲ್ಪ ದಪ್ಪಗಾಗಿದ್ದ. ಊರಲ್ಲಿ ತಂಗಿಯ ಮದುವೆಯಾದದ್ದು, ಇಲ್ಲಿಯ ಮೀನಿನ ರುಚಿ, ಹೀಗೆ ಮಾತಾಡಿದ. ನಾನು ಹೇಗೆ ಶುರು ಮಾಡಬೇಕೆಂದು ವಿಮಾನದಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಆ ವರ್ಷ ನಿನ್ನ ಬಿಡುಗಡೆ ಪತ್ರ ತಡ ಆಯ್ತಲ್ಲ. ಸಿಸ್ಟಮ್‌ನಿಂದ ಅಲ್ಲ. ನಾನೇ ಕಳಿಸ್ಲಿಲ್ಲ. ನೀನು ನಮ್ಮ ತಂಡದಲ್ಲೇ ಇರ್ಬೇಕು ಅಂತ."

ಅವನು ಲೋಟವನ್ನು ಕೆಳಗಿಟ್ಟ.

"ಎಷ್ಟ್ ದಿನ ಇತ್ತ್ ಅಕ್ಕ, ನಿಮ್ಮತ್ರ?"

"ಹನ್ನೊಂದು."

"ನಾ ಎಂತ ಅಂದ್ಕಂಡಿದ್ದೆ ಗೊತ್ತಿತ್ತಾ? ಅವ್ರು ಬಂದ್ ನನ್ ಬೌಲಿಂಗ್ ಕಂಡ್ಕಂಡ್, ಇಂವ ಬ್ಯಾಡ ಅಂದ್ರ್ ಅಂತ." ಅವನ ಸ್ವರ ಏರಲಿಲ್ಲ. "ಆ ವರ್ಷ ಇಡೀ ಬೌಲಿಂಗಿಗೆ ಓಡಿ ಬಪ್ಪತಿಗೆ ಅದೇ ತಲೆಯಂಗೆ. ಎಂತ ಕಮ್ಮಿ ಇತ್ತ್ ನನ್ನಂಗೆ ಅಂತ. ವಿಕೆಟ್ ಬಿದ್ರೂ ಅದೇ."

ನನ್ನಿಂದ ತಪ್ಪಾಯಿತು ಎಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ.

"ಕಳ್ಸದಿದ್ರೆ ಹ್ವಾಯ್ಲಿ. ಇಡೀ ವರ್ಷ ಎದ್ರಿಗೇ ಕೂಕಂಡ್ ಸ್ಕೋರ್ ಬರಿತಿದ್ರಿ. ಆಗ್ಳಿಕೆ ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ?"

ನಾನು ತಂಡವನ್ನು ನೋಡುತ್ತಿದ್ದೆ, ಅವನನ್ನು ನೋಡಲಿಲ್ಲ. ದಡದಲ್ಲಿ ದೋಣಿಯೊಂದು ಬಂದು ನಿಂತಿತು, ಯಾರೋ ಅವನನ್ನು ಕೂಗಿದರು. "ನೀವ್ ಚಾ ಕುಡೀರಿ, ನಾ ಬತ್ತೆ" ಎಂದು ಎದ್ದುಹೋದ. ಅರ್ಧ ಗಂಟೆ ಕಾದೆ. ಫೋರ್ಕ್‌ಲಿಫ್ಟ್ ದಡದಿಂದ ಗೋದಾಮಿಗೆ, ಗೋದಾಮಿನಿಂದ ದಡಕ್ಕೆ ಓಡಾಡುವುದು ಕಾಣುತ್ತಿತ್ತು. ಅವನು ಮರಳಿ ಬರಲಿಲ್ಲ. ವಿಮಾನದ ಹೊತ್ತಾದ್ದರಿಂದ ಹೊರಟೆ.

ಅದಾದ ಮೇಲೆ ನಾಲ್ಕು ತಿಂಗಳಿಗೆ ಅವನ ಕರಾರು ಮುಗಿಯಿತು. ಕರಾರು ಮುಗಿದವರಿಗೆ ಈಗ ಹಳೆಯ ಕಂಪನಿಯ ಒಪ್ಪಿಗೆ ಬೇಡ. ಅವನು ಹೊಸ ಕೆಲಸ ಹುಡುಕಿಕೊಂಡು ಸೊಹಾರಿಗೆ ಹೋದದ್ದು ನನಗೆ ಗೊತ್ತಾದದ್ದು ಕಂಪ್ಯೂಟರಿನ ಪರದೆಯಲ್ಲಿ ಅವನ ಹೆಸರಿನ ಮುಂದೆ ಬಣ್ಣ ಬದಲಾದಾಗ. ಒಂದು ಶುಭಾಶಯದ ಸಂದೇಶ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಸುದ್ದಿ ಹೇಳುವವರು ಕ್ಯಾಪ್ಟನ್. ಅವನು ಅಲ್ಲಿ ಶುಕ್ರವಾರ ಆಡುತ್ತಾನಂತೆ. ಯಾವ ಕಂಪನಿಯದೂ ಅಲ್ಲದ ತಂಡ. ಆಡುವವರೇ ಸೇರಿ ಚೆಂಡು, ಮ್ಯಾಟು ತರುತ್ತಾರಂತೆ, ಸರದಿಯ ಮೇಲೆ ನಾಯಕರಾಗುತ್ತಾರಂತೆ.

"ಮಾಲೀಕ ಇಲ್ಲದ ತಂಡ ಮೇಡಂ. ಯಾರೂ ಯಾರನ್ನೂ ಕೊಡುವ ಹಾಗಿಲ್ಲ, ತಗೊಳ್ಳುವ ಹಾಗಿಲ್ಲ."

"ಗೆಲ್ತಾರಾ?"

"ಇಲ್ಲ ಮಾರಾಯ್ರೆ, ಹೆಚ್ಚಿನದ್ದು ಸೋಲು" ಎಂದು ಅವರು ನಕ್ಕರು. "ಅವನ ಸ್ಪೀಡ್ ಹೋಗಿದೆಯಂತೆ. ಈಗ ಮೂರನೇ ನಂಬರಿನಲ್ಲಿ ಬ್ಯಾಟಿಂಗ್ ಮಾಡ್ತಾನಂತೆ."

ಸೊಹಾರ್ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಒಂದು ಶುಕ್ರವಾರ ಹೋಗಿ ಬರುವ ಎಂದು ಗಂಡ ಎರಡು ಮೂರು ಸಲ ಹೇಳಿದ್ದಾರೆ. ಅವನು ಕರೆದರೆ ಹೋಗಬಹುದು ಎಂದಿದ್ದೇನೆ.